ಕ್ಲಚ್ ಒತ್ತಿದರೆ ನಿಲ್ಲುವ ಸದ್ದು: ಹೋಗಿರುವುದು ಯಾವ ಬೇರಿಂಗ್?

ಪ್ರಶ್ನೆ: ನನ್ನದು 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಐದು ಗೇರಿನ ಮ್ಯಾನ್ಯುಯಲ್, ಕೇಬಲ್ ಕ್ಲಚ್. 72,000 ಕಿ.ಮೀ. ಓಡಿದೆ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಮೂರು ತಿಂಗಳಿಂದ ನ್ಯೂಟ್ರಲ್‌ನಲ್ಲಿ ನಿಂತಿದ್ದಾಗ ಮುಂದಿನಿಂದ ಜರ್ರ್ ಅಂತ ಸದ್ದು ಬರುತ್ತಿದೆ. ಕ್ಲಚ್ ಮೇಲೆ ಕಾಲಿಟ್ಟರೆ ನಿಲ್ಲುತ್ತದೆ, ತೆಗೆದರೆ ಮತ್ತೆ ಶುರು. ಓಡುವಾಗ ಏನೂ ತೊಂದರೆ ಇಲ್ಲ. ಒಂದು ಗ್ಯಾರೇಜಿನವರು ಕ್ಲಚ್ ಸೆಟ್ ಪೂರ್ತಿ ಬದಲಿಸಬೇಕು ಅಂದರು. ಇನ್ನೊಬ್ಬರು ಗೇರ್‌ಬಾಕ್ಸ್ ಬೇರಿಂಗ್ ಅಂದರು. ಮೂರನೆಯವರು ಹಾಗೇ ಓಡಿಸಿ ಸರ್, ಏನೂ ಆಗಲ್ಲ ಅಂದರು. ಮುಂದಿನ ತಿಂಗಳು ಹಾಸನದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವುದಿದೆ. ಯಾರ ಮಾತು ಕೇಳಲಿ?

ಉತ್ತರ: ಮೂವರಲ್ಲಿ ಯಾರು ಬೇಕಾದರೂ ಸರಿ ಇರಬಹುದು. ತಮಾಷೆಗೆ ಹೇಳುತ್ತಿಲ್ಲ. ‘ಕ್ಲಚ್ ಮೇಲೆ ಕಾಲಿಟ್ಟರೆ ನಿಲ್ಲುತ್ತದೆ’ ಅಂತ ಬರೆದಿದ್ದೀರಿ. ಎಷ್ಟು ಇಟ್ಟರೆ? ಸುಮ್ನೆ ಪಾದ ತಾಗಿಸಿದರೆ ಸಾಕಾ, ಇಲ್ಲಾ ಅರ್ಧಕ್ಕಿಂತ ಕೆಳಗೆ ತುಳಿಯಬೇಕಾ? ಅದೊಂದು ಗೊತ್ತಾದರೆ ಮೂವರಲ್ಲಿ ಯಾರು ಸರಿ ಅಂತ ನೀವೇ ಹೇಳಬಹುದು.

ಸದ್ದಿಗೆ ಹೆಸರಿಡುವುದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಒಂದೇ ಸದ್ದನ್ನು ಒಬ್ಬರು ಜರ್ರ್ ಅನ್ನುತ್ತಾರೆ, ಒಬ್ಬರು ಗರಗರ ಅನ್ನುತ್ತಾರೆ, ಇನ್ನೊಬ್ಬರು ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಅನ್ನುತ್ತಾರೆ. ಪೆಡಲ್ ಎಲ್ಲಿದ್ದಾಗ ಸದ್ದು ಶುರುವಾಯಿತು, ಎಲ್ಲಿಗೆ ಬಂದಾಗ ನಿಂತಿತು ಅಂತ ಹೇಳಿದರೆ ಮೆಕ್ಯಾನಿಕ್‌ಗೆ ಹೆಚ್ಚು ಉಪಯೋಗ.

ಮೊದಲು ಒಳಗಿನ ಕಥೆ. ಎಂಜಿನ್ನಿನ ತುದಿಗೆ ಭಾರದ ಫ್ಲೈವೀಲ್ ಇದೆ. ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ್ದು ಪ್ರೆಷರ್ ಪ್ಲೇಟ್. ಎರಡರ ನಡುವೆ ಕ್ಲಚ್ ಪ್ಲೇಟ್, ಎರಡು ತಟ್ಟೆಗಳ ನಡುವೆ ಒತ್ತಿ ಹಿಡಿದ ರೊಟ್ಟಿಯ ಹಾಗೆ. ಆ ರೊಟ್ಟಿಯ ನಡುವೆ ಹಲ್ಲಿರುವ ತೂತು. ಅದರೊಳಗೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಕೂತಿರುತ್ತದೆ. ಪೆಡಲ್ ಬಿಟ್ಟಿರುವಾಗ ಇವೆಲ್ಲ ಒಟ್ಟಿಗೇ ತಿರುಗುತ್ತವೆ. ಗಾಡಿ ನ್ಯೂಟ್ರಲ್‌ನಲ್ಲಿ ನಿಂತಿದೆ ಅಂದ ಮಾತ್ರಕ್ಕೆ ಗೇರ್‌ಬಾಕ್ಸ್ ಮಲಗಿದೆ ಅಂದುಕೊಳ್ಳಬೇಡಿ. ಇನ್‌ಪುಟ್ ಶಾಫ್ಟ್ ತಿರುಗುತ್ತಲೇ ಇದೆ. ಅದಕ್ಕೆ ಹಲ್ಲು ಕೊಟ್ಟ ಗೇರ್‌ಗಳೂ ತಿರುಗುತ್ತಿವೆ. ಚಕ್ರದ ಕಡೆಗೆ ಕೊಂಡಿ ಬಿದ್ದಿಲ್ಲ, ಅಷ್ಟೇ.

ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಮುಂದೆ ಸರಿದು ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ಬೆರಳುಗಳನ್ನು ಒತ್ತುತ್ತದೆ. ಕೆಲವು ಗ್ಯಾರೇಜುಗಳಲ್ಲಿ ಇದಕ್ಕೇ ಥ್ರಸ್ಟ್ ಬೇರಿಂಗ್ ಅನ್ನುತ್ತಾರೆ. ಆಗ ತಟ್ಟೆಗಳ ಹಿಡಿತ ಸಡಿಲವಾಗುತ್ತದೆ. ಕ್ಲಚ್ ಪ್ಲೇಟೂ ಇನ್‌ಪುಟ್ ಶಾಫ್ಟೂ ನಿಧಾನವಾಗಿ ನಿಲ್ಲುತ್ತವೆ. ಅಂದರೆ ಪೆಡಲ್ ಮೇಲಿದ್ದಾಗ ಗೇರ್‌ಬಾಕ್ಸ್ ಬೇರಿಂಗ್‌ಗಳಿಗೆ ಕೆಲಸ, ಪೆಡಲ್ ಕೆಳಗಿದ್ದಾಗ ರಿಲೀಸ್ ಬೇರಿಂಗ್‌ಗೆ ಕೆಲಸ.

ಇದರಿಂದ ಎಲ್ಲರೂ ಒಂದು ಸೂತ್ರ ಮಾಡಿಕೊಂಡಿದ್ದಾರೆ. ಒತ್ತಿದಾಗ ಸದ್ದು ಬಂದರೆ ರಿಲೀಸ್ ಬೇರಿಂಗ್, ಬಿಟ್ಟಾಗ ಬಂದರೆ ಗೇರ್‌ಬಾಕ್ಸ್. ತಪ್ಪಲ್ಲ, ಆದರೆ ಅರ್ಧ. ಪೆಡಲ್ ಮೇಲಿನಿಂದ ತಳಕ್ಕೆ ಹೋಗುವ ನಡುದಾರಿಯನ್ನು ಈ ಸೂತ್ರ ಬಿಟ್ಟುಬಿಡುತ್ತದೆ. ನಿಮ್ಮ ಗಾಡಿಯ ಗುಟ್ಟು ಇರುವುದು ಅಲ್ಲೇ.

ಹೀಗೆ ಮಾಡಿ. ಗಾಡಿಯನ್ನು ಒಂದು ಹದಿನೈದು ನಿಮಿಷ ಓಡಿಸಿ ಬಿಸಿ ಮಾಡಿ. ಸಮತಟ್ಟು ಜಾಗದಲ್ಲಿ, ಪಕ್ಕದಲ್ಲಿ ಗೋಡೆ ಇದ್ದರೆ ಇನ್ನೂ ಒಳ್ಳೆಯದು, ಸದ್ದು ತಿರುಗಿ ಬರುತ್ತದೆ. ಹ್ಯಾಂಡ್ ಬ್ರೇಕ್ ಎಳೆಯಿರಿ. ಎಸಿ, ಫ್ಯಾನ್, ಹಾಡು ಎಲ್ಲ ಆಫ್. ಕಿಟಕಿ ಇಳಿಸಿ. ಕಾಲ ಕೆಳಗಿನ ಮ್ಯಾಟ್ ತೆಗೆದು ಹಿಂದೆ ಹಾಕಿ. ಕ್ಲಚ್ ಕಿರುಗುಟ್ಟುತ್ತದೆ ಅಂತ ಬಂದ ಗಾಡಿಗಳಲ್ಲಿ ಪೆಡಲಿಗೆ ತಿಕ್ಕುತ್ತಿದ್ದ ರಬ್ಬರ್ ಮ್ಯಾಟನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಮೊದಲು ಎಂಜಿನ್ ಆಫ್ ಮಾಡಿ ಪೆಡಲ್ ಐದಾರು ಸಲ ತುಳಿಯಿರಿ. ಆಗಲೂ ಕಿರ್ ಕಿರ್ ಬಂದರೆ ಅದು ಪೆಡಲಿನ ಬುಷ್, ರಿಟರ್ನ್ ಸ್ಪ್ರಿಂಗ್, ಕೇಬಲ್ ಅಥವಾ ರಿಲೀಸ್ ಬೇರಿಂಗನ್ನು ತಳ್ಳುವ ಫೋರ್ಕಿನ ಕೀಲು. ತಿರುಗುವ ಯಾವ ಭಾಗಕ್ಕೂ ಸಂಬಂಧವಿಲ್ಲ. ಪೆಡಲ್ ಬುಷ್‌ಗೆ ಒಂದಿಷ್ಟು ಗ್ರೀಸ್ ಸಾಕಾಗಬಹುದು. ಆದರೆ ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗಿನ ಕಿಂಡಿಯಿಂದ ಒಳಕ್ಕೆ ಎಣ್ಣೆ ಸ್ಪ್ರೇ ಹೊಡೆಯಬೇಡಿ, ಹೊಡೆಯಲೂ ಬಿಡಬೇಡಿ. ಕ್ಲಚ್ ಪ್ಲೇಟಿಗೆ ಎಣ್ಣೆ ಬಿದ್ದರೆ ಜಾರಲು ಶುರುವಾಗುತ್ತದೆ. ಆಮೇಲೆ ಸದ್ದಿಲ್ಲದ, ಎಳೆಯದ ಗಾಡಿ ಸಿಗುತ್ತದೆ.

ಈಗ ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲಿ ಬಿಡಿ. ಸದ್ದು ಬರಲಿ. ಪೆಡಲಿನ ಮೇಲೆ ಬರೀ ಹೆಬ್ಬೆರಳಿನ ಭಾರ ಹಾಕಿ. ಕೇಬಲ್ ಕ್ಲಚ್‌ನಲ್ಲಿ ಮೊದಲ ಒಂದೆರಡು ಸೆಂಟಿಮೀಟರ್ ಪೆಡಲ್ ಸಡಿಲವಾಗಿ ಹೋಗಬೇಕು. ಅದೇ ಫ್ರೀ ಪ್ಲೇ. ಸರಿಯಾದ ಅಳತೆ ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿರುತ್ತದೆ. ಆ ಸಡಿಲು ಮುಗಿದು ಭಾರ ಸಿಗುವ ಜಾಗದಲ್ಲಿ ಕಾಲು ನಿಲ್ಲಿಸಿ ಕೇಳಿ.

ಅಲ್ಲೇ ಸದ್ದು ನಿಂತುಬಿಟ್ಟರೆ ಗೇರ್‌ಬಾಕ್ಸ್ ಪಾಪ ನಿರಪರಾಧಿ. ಯಾಕೆಂದರೆ ತಟ್ಟೆಗಳ ಹಿಡಿತ ಇನ್ನೂ ಬಿಟ್ಟಿಲ್ಲ, ಇನ್‌ಪುಟ್ ಶಾಫ್ಟ್ ಮೊದಲಿನ ಹಾಗೇ ತಿರುಗುತ್ತಿದೆ. ನೀವು ಮಾಡಿದ್ದು ಸಡಿಲವಾಗಿ ಅಲ್ಲಾಡುತ್ತಿದ್ದ ಫೋರ್ಕು ಮತ್ತು ರಿಲೀಸ್ ಬೇರಿಂಗನ್ನು ಒಂದು ಕಡೆ ಒತ್ತಿ ಹಿಡಿದದ್ದು, ಅಷ್ಟೇ. ಬಾಗಿಲಿನ ಕದ ಗಾಳಿಗೆ ಬಡಿದುಕೊಳ್ಳುವಾಗ ಒಂದು ಬೆರಳು ಇಟ್ಟರೆ ನಿಲ್ಲುವುದಿಲ್ಲವಾ, ಹಾಗೆ. ಫೋರ್ಕಿನ ಕೀಲು ಸವೆದಿರಬಹುದು, ಬೇರಿಂಗ್ ಜಾರುವ ಕೊಳವೆ ಸವೆದಿರಬಹುದು, ಕೇಬಲ್ ತುಂಬಾ ಸಡಿಲ ಇರಬಹುದು. ಮೊದಲು ಕೇಬಲ್ ಅಡ್ಜಸ್ಟ್‌ಮೆಂಟ್ ನೋಡಿಸಿ. ಅದು ನಟ್ ತಿರುಗಿಸುವ ಕೆಲಸ. ಅಷ್ಟಕ್ಕೆ ಗೇರ್‌ಬಾಕ್ಸ್ ಇಳಿಸುವ ಮಾತೇ ಇಲ್ಲ.

ಕೇಬಲ್ ಬದಲು ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್ ಇರುವ ಗಾಡಿಗಳಲ್ಲಿ ಇದು ಸ್ವಲ್ಪ ಬೇರೆ. ಅಲ್ಲಿ ರಿಲೀಸ್ ಬೇರಿಂಗ್ ಸಾಮಾನ್ಯವಾಗಿ ಯಾವಾಗಲೂ ಬೆರಳುಗಳಿಗೆ ಹಗುರವಾಗಿ ತಾಗಿಕೊಂಡೇ ಇರುತ್ತದೆ, ತಿರುಗುತ್ತಲೇ ಇರುತ್ತದೆ. ಸವೆದ ಬೇರಿಂಗ್‌ಗೆ ಭಾರ ಕಡಿಮೆ ಇದ್ದಾಗ ಚಿಂವ್ ಚಿಂವ್ ಅಂತ ಹಕ್ಕಿ ಮರಿಯ ಹಾಗೆ ಕೂಗುತ್ತದೆ. ಸ್ವಲ್ಪ ಒತ್ತಿದರೆ ಬಾಯಿ ಮುಚ್ಚುತ್ತದೆ. ಬಿಟ್ಟಾಗ ಸದ್ದು, ಒತ್ತಿದರೆ ಇಲ್ಲ, ಹಾಗಾದರೆ ಗೇರ್‌ಬಾಕ್ಸ್ ಅಂತ ಸೂತ್ರ ಹಿಡಿದು ಹೋದರೆ ಇಲ್ಲಿ ಮೋಸ ಹೋಗುತ್ತೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಅನ್ನೋದು ಇದಕ್ಕೇ.

ಇನ್ನು ಎರಡನೆಯ ಸಾಧ್ಯತೆ. ತಾಗಿಸಿದಾಗ ಸದ್ದು ಹಾಗೇ ಇದೆ. ಒತ್ತುತ್ತಾ ಹೋದಿರಿ, ಅರ್ಧ ದಾಟಿದ ಮೇಲೆ, ಗಾಡಿ ಹೊರಡುವ ಜಾಗದಿಂದ ಕೆಳಗೆ ಬಂದಾಗ ನಿಂತಿತು. ಈಗ ಬೊಟ್ಟು ಇನ್‌ಪುಟ್ ಶಾಫ್ಟಿನ ಕಡೆಗೆ. ಆದರೆ ಅಲ್ಲೂ ಇಬ್ಬರು ಆರೋಪಿಗಳಿದ್ದಾರೆ. ಒಬ್ಬ ಆ ಶಾಫ್ಟನ್ನು ಹಿಡಿದಿರುವ ಇನ್‌ಪುಟ್ ಬೇರಿಂಗ್, ಇನ್ನೊಬ್ಬ ಸುಮ್ನೆ ಗೇರ್ ಹಲ್ಲುಗಳ ಬಡಿತ. ಇವರನ್ನು ಬೇರೆ ಮಾಡದೆ ಗೇರ್‌ಬಾಕ್ಸ್ ಬಿಚ್ಚಿಸಿದವರು ದುಡ್ಡು ಕಳೆದುಕೊಂಡಿದ್ದಾರೆ.

ಎಂಜಿನ್ ಒಂದೇ ಸಮ ತಿರುಗುತ್ತದೆ ಅಂತ ನಮಗೆ ಅನ್ನಿಸುತ್ತದೆ. ನಿಜವಾಗಿ ಅದು ಒದೆಯುತ್ತಾ ತಿರುಗುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಒದೆಯುತ್ತದೆ, ಮೂರು ಸಿಲಿಂಡರಿನದು ಒಂದೂವರೆ ಸಲ. 800 ಆರ್‌ಪಿಎಂ ಐಡ್ಲಿಂಗ್‌ನಲ್ಲಿ ಲೆಕ್ಕ ಹಾಕಿ: ನಾಲ್ಕು ಸಿಲಿಂಡರಿಗೆ ಸೆಕೆಂಡಿಗೆ ಸುಮಾರು 27 ಒದೆತ, ಮೂರು ಸಿಲಿಂಡರಿಗೆ 20. ಈ ಒದೆತವನ್ನು ನುಂಗಲು ಕ್ಲಚ್ ಪ್ಲೇಟಿನ ನಡುವೆ ಸಣ್ಣ ಸಣ್ಣ ಸ್ಪ್ರಿಂಗ್‌ಗಳಿವೆ. ಅವು ಸೋತರೆ ಒದೆತ ನೇರ ಗೇರ್‌ಬಾಕ್ಸಿಗೆ ಹೋಗುತ್ತದೆ. ಭಾರವಿಲ್ಲದೆ ತಿರುಗುತ್ತಿರುವ ಗೇರ್‌ಗಳ ಹಲ್ಲು ಒಂದಕ್ಕೊಂದು ಬಡಿದು ಜರಜರ ಅನ್ನುತ್ತದೆ. ಎಷ್ಟೋ ಗಾಡಿಗಳಲ್ಲಿ ಇದು ಹೊಸದರಲ್ಲೇ ಸ್ವಲ್ಪ ಇರುತ್ತದೆ, ಅದರಲ್ಲೂ ಮೂರು ಸಿಲಿಂಡರ್ ಮತ್ತು ಡೀಸೆಲ್‌ನಲ್ಲಿ.

ಪರೀಕ್ಷೆ ಸುಲಭ. ಕ್ಲಚ್ ಪೆಡಲ್ ಬಿಟ್ಟು, ನ್ಯೂಟ್ರಲ್‌ನಲ್ಲಿ ನಿಧಾನವಾಗಿ 1,500ರವರೆಗೆ ಆಕ್ಸಿಲರೇಟರ್ ಕೊಡಿ. ಜರಜರ ಕರಗಿಹೋಗಿ ಎಲ್ಲ ನುಣ್ಣಗಾದರೆ ಅದು ಹಲ್ಲುಗಳ ಬಡಿತ. ಒದೆತಗಳು ಹತ್ತಿರ ಹತ್ತಿರ ಬಂದು ತಿರುಗುವಿಕೆ ಒಂದೇ ಸಮ ಆಗಿರುತ್ತದೆ. ಅದರ ಬದಲು ಸದ್ದು ಹೋಗದೆ, ಆರ್‌ಪಿಎಂ ಜೊತೆ ಏರಿ ಸುಂಯ್ ಅಂತ ತೆಳ್ಳಗಾಗುತ್ತಾ ಹೋದರೆ ಬೇರಿಂಗ್. ಇನ್ನೊಂದು ಗುರುತು, ನಿಲ್ಲುವ ರೀತಿ. ಪೆಡಲ್ ಒತ್ತಿ ತಟ್ಟೆಗಳ ಹಿಡಿತ ಬಿಟ್ಟ ಕ್ಷಣಕ್ಕೇ ಕಡಿದ ಹಾಗೆ ನಿಂತರೆ ಹಲ್ಲುಗಳ ಬಡಿತ. ಫ್ಯಾನ್ ಆಫ್ ಮಾಡಿದಾಗ ಆಗುವ ಹಾಗೆ ಒಂದು ಗಳಿಗೆ ಎಳೆದು ಇಳಿದರೆ ಬೇರಿಂಗ್, ಏಕೆಂದರೆ ಶಾಫ್ಟ್ ನಿಲ್ಲಲು ಅಷ್ಟು ಹೊತ್ತು ಬೇಕು.

ನೀವು ಓಡುವಾಗ ಏನೂ ತೊಂದರೆ ಇಲ್ಲ ಅಂದಿದ್ದೀರಿ. ಈ ಮಾತು ನನಗೆ ಹಲ್ಲುಗಳ ಬಡಿತದ ಕಡೆಗೇ ಬೆರಳು ತೋರಿಸುತ್ತದೆ. ಇನ್‌ಪುಟ್ ಬೇರಿಂಗ್ ನಿಜಕ್ಕೂ ಹೋಗಿದ್ದರೆ ಗೇರ್ ಹಾಕಿ ಓಡಿಸುವಾಗಲೂ, ಅದರಲ್ಲೂ ಎಳೆತ ಇದ್ದಾಗ, ಗೊಣಗಾಟ ಕೇಳಿಸಬೇಕಿತ್ತು. ಆದರೂ ಪರೀಕ್ಷೆ ಮಾಡಿಯೇ ನಂಬಿ. ಓಡುವಾಗ ಟಯರಿನ ಸದ್ದು, ಗಾಳಿಯ ಸದ್ದು ಸೇರಿ ಬಹಳಷ್ಟನ್ನು ಮುಚ್ಚಿಬಿಡುತ್ತವೆ.

ಬಡಿತವೋ ಬೇರಿಂಗೋ, ಗೇರ್‌ಬಾಕ್ಸ್ ಮುಟ್ಟುವ ಮೊದಲು ಎಣ್ಣೆ ನೋಡಿಸಿ. ಎಂಜಿನ್ ಆಯಿಲ್ ತಪ್ಪದೆ ಬದಲಿಸುವವರೂ ಗೇರ್ ಆಯಿಲನ್ನು ಮರೆತೇಬಿಡುತ್ತಾರೆ. ಡ್ರೈವ್ ಶಾಫ್ಟಿನ ಸೀಲ್ ತೊಟ್ಟಿಕ್ಕಿ ಮಟ್ಟ ಇಳಿದಿದ್ದರೆ ಬೇರಿಂಗ್ ಕೂಗುತ್ತದೆ. ಡ್ರೇನ್ ಮಾಡಿದಾಗ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಕೆಸರು ಇದ್ದರೆ ಹೆದರಬೇಡಿ, ಅದು ಮಾಮೂಲಿ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಗೇರ್‌ಬಾಕ್ಸ್ ಬಿಚ್ಚಬೇಕು. ಸೆಕೆಂಡ್ ಹ್ಯಾಂಡ್ ಅಂದಿರಲ್ಲ, ಅದಕ್ಕೆ ಇನ್ನೊಂದು ಮಾತು: ಸದ್ದು ಅಡಗಿಸಲು ಮಂದ ಎಣ್ಣೆ ಸುರಿದು ಮಾರುವುದುಂಟು. ಬೆಳಗ್ಗೆ ಚಳಿಯಲ್ಲಿ ಮೊದಲ ಅರ್ಧ ಗಂಟೆ ಗೇರ್ ಬಿಗಿಯಾಗಿದ್ದರೆ ನನಗೆ ಆ ಅನುಮಾನ ಬರುತ್ತದೆ. ಮ್ಯಾನ್ಯುಯಲ್ ಹೇಳಿದ ಗ್ರೇಡನ್ನೇ ಹಾಕಿಸಿ. ಮಂದವಾದಷ್ಟೂ ಒಳ್ಳೆಯದು ಅನ್ನುವ ಮಾತು ಕೇಳಬೇಡಿ.

ನಿಮ್ಮಲ್ಲಿ ಇಲ್ಲದಿದ್ದರೂ ಉಳಿದ ಸದ್ದುಗಳನ್ನು ಬೇಗ ಹೇಳಿಬಿಡುತ್ತೇನೆ, ಪರೀಕ್ಷೆ ಮಾಡುವಾಗ ಹೇಗೂ ಎದುರಾಗಬಹುದು.

ಕಾಲು ಭಾರ ಹಾಕಿದ ಕೂಡಲೇ ಗರ್ರ್ ಅಂತ ಶುರುವಾಗಿ, ಒತ್ತಿದಷ್ಟೂ ಜೋರಾದರೆ ರಿಲೀಸ್ ಬೇರಿಂಗ್ ಹೋಗಿದೆ. ಇದರಲ್ಲಿ ವಾದವಿಲ್ಲ. ಪೂರ್ತಿ ಒತ್ತಿ ಒಂದನೇ ಗೇರ್ ಹಾಕಿ, ಬ್ರೇಕ್ ಹಿಡಿದು ನಿಂತಾಗ ಕೀರಲು ಸದ್ದು ಬಂದರೆ ಪೈಲಟ್ ಬೇರಿಂಗ್. ಇನ್‌ಪುಟ್ ಶಾಫ್ಟಿನ ಮೂಗು ಫ್ಲೈವೀಲಿನ ನಡುವೆ ಕೂತಿರುವ ಜಾಗ ಅದು. ಶಾಫ್ಟ್ ಪೂರ್ತಿ ನಿಂತು ಎಂಜಿನ್ ತಿರುಗುತ್ತಿರುವಾಗಲೇ ಅದಕ್ಕೆ ಜಾಸ್ತಿ ಕೆಲಸ. ಇದು ಹೆಚ್ಚಾಗಿ ಬೊಲೆರೊ, ಇನ್ನೋವಾದಂಥ ಹಿಂದಿನ ಚಕ್ರ ತಳ್ಳುವ ಗಾಡಿಗಳ ಕಾಯಿಲೆ. ನಿಮ್ಮಂಥ ಸಣ್ಣ ಕಾರುಗಳಲ್ಲಿ ಎಷ್ಟೋ ಸಲ ಆ ಬೇರಿಂಗೇ ಇರುವುದಿಲ್ಲ.

ಹೊರಡುವಾಗ, ಕ್ಲಚ್ ಹಿಡಿಯುವ ಜಾಗದಲ್ಲಿ ಗಾಡಿ ಗಡಗಡ ನಡುಗಿದರೆ ಪ್ಲೇಟಿಗೆ ಎಣ್ಣೆ ತಾಗಿದೆ, ಫ್ಲೈವೀಲ್ ಸುಟ್ಟು ಕಲೆಯಾಗಿದೆ ಅಥವಾ ಎಂಜಿನ್ ಮೌಂಟ್ ಹರಿದಿದೆ. ಮೌಂಟ್ ಮೊದಲು ನೋಡಿಸಿ, ಅದು ಕಡಿಮೆ ಖರ್ಚಿನದು. ಡೀಸೆಲ್ ಗಾಡಿಯಲ್ಲಿ ಆಫ್ ಮಾಡುವಾಗ ಧಡಲ್ ಅಂತ ಬಡಿದು ನಿಂತರೆ, ಎರಡು ತುಂಡುಗಳ ನಡುವೆ ಸ್ಪ್ರಿಂಗ್ ಇರುವ ಡ್ಯುಯಲ್ ಮಾಸ್ ಫ್ಲೈವೀಲ್ ಮೇಲೆ ಕಣ್ಣಿಡಿ. ಅದು ದುಬಾರಿ ಸಾಮಾನು. ರಿವರ್ಸ್ ಹಾಕುವಾಗ ಕರಕ್ ಅನ್ನುವುದಕ್ಕೆ ಸುಮ್ನೆ ಗಾಬರಿಯಾಗಬೇಡಿ. ಹಲವು ಗಾಡಿಗಳಲ್ಲಿ ರಿವರ್ಸ್‌ಗೆ ಸಿಂಕ್ರೊ, ಅಂದರೆ ವೇಗ ಹೊಂದಿಸಿ ಗೇರ್ ನುಣ್ಣಗೆ ಬೀಳಿಸುವ ಭಾಗ, ಇರುವುದಿಲ್ಲ. ಕ್ಲಚ್ ಒತ್ತಿ ಎರಡು ಮೂರು ಸೆಕೆಂಡ್ ಕಾದು ಹಾಕಿ. ಐದು ಸೆಕೆಂಡ್ ಕಾದರೂ ಕರಕ್ ಅಂದರೆ ಪೆಡಲ್ ಒತ್ತಿದರೂ ಕ್ಲಚ್ ಹಿಡಿತ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ.

ಈಗ ನನ್ನದೇ ಒಂದು ಪೆದ್ದತನ. ಕೆಲಸ ಕಲಿತ ಹೊಸದರಲ್ಲಿ ನಿಮ್ಮದೇ ಥರದ ಗಾಡಿ ಬಂದಿತ್ತು. ನ್ಯೂಟ್ರಲ್‌ನಲ್ಲಿ ಜರ್ರ್, ಕ್ಲಚ್ ಒತ್ತಿದರೆ ಇಲ್ಲ. ಸೂತ್ರ ಬಾಯಿಪಾಠ ಇತ್ತಲ್ಲ, ಗೇರ್‌ಬಾಕ್ಸ್ ಇಳಿಸಿದೆ. ಜುಲೈ ಮಳೆ, ಶೆಡ್ಡಿನ ತಗಡಿನ ಕೆಳಗೆ ಎರಡು ದಿನ. ಇನ್‌ಪುಟ್ ಬೇರಿಂಗ್ ಹೊಸದು ಹಾಕಿ ಏರಿಸಿ ಸ್ಟಾರ್ಟ್ ಮಾಡಿದರೆ ಅದೇ ಜರ್ರ್. ಕೊನೆಗೆ ಸಿಕ್ಕಿದ್ದು ಸೈಲೆನ್ಸರ್ ಪೈಪಿನ ಮೇಲಿನ ಹೀಟ್ ಶೀಲ್ಡ್. ತುಕ್ಕು ಹಿಡಿದು ಒಂದು ಬೋಲ್ಟ್ ಬಿದ್ದುಹೋಗಿ ತಗಡು ಅಲ್ಲಾಡುತ್ತಿತ್ತು. ಕ್ಲಚ್ ಒತ್ತಿದಾಗ ಎಂಜಿನ್ನಿನ ಭಾರ ಚೂರು ಬದಲಾಗುತ್ತದೆ, ಐಡ್ಲಿಂಗ್ ಒಂದಿಷ್ಟು ಹೆಚ್ಚುಕಡಿಮೆ ಆಗುತ್ತದೆ. ಅಷ್ಟಕ್ಕೇ ತಗಡಿನ ನಡುಕ ನಿಲ್ಲುತ್ತಿತ್ತು. ಅವತ್ತಿನಿಂದ ನಾನು ಗಾಡಿ ಕೆಳಗೆ ಮಲಗಿ ಎಲ್ಲ ತಗಡುಗಳನ್ನೂ ಒಮ್ಮೆ ಅಲ್ಲಾಡಿಸಿ ನೋಡದೆ ಸ್ಪಾನರ್ ಹಿಡಿಯುವುದಿಲ್ಲ. ನೀವೂ ನೋಡಿಸಿ. ಎಂಜಿನ್ ತಣ್ಣಗಿದ್ದಾಗ ಮಾತ್ರ, ಆ ಜಾಗ ಕೈ ಸುಡುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಗೇರ್‌ಬಾಕ್ಸ್ ಇಳಿಸಲೇಬೇಕು ಅಂತ ಆದರೆ, ಮೊದಲ ಗ್ಯಾರೇಜಿನವರು ಪೂರ್ತಿ ಸೆಟ್ ಅಂದದ್ದು ಲೂಟಿಯ ಮಾತು ಅಂತ ನಾನು ಹೇಳುವುದಿಲ್ಲ. ರಿಲೀಸ್ ಬೇರಿಂಗಿನ ಬೆಲೆಗಿಂತ ಇಳಿಸಿ ಏರಿಸುವ ಕೂಲಿಯೇ ಜಾಸ್ತಿ. ಹಳೆಯ ಪ್ರೆಷರ್ ಪ್ಲೇಟಿನ ಬೆರಳುಗಳಲ್ಲಿ ಗೆರೆ ಬಿದ್ದಿದ್ದರೆ ಹೊಸ ಬೇರಿಂಗನ್ನು ಅದು ತಿಂದುಹಾಕುತ್ತದೆ. 72,000 ಕಿ.ಮೀ. ಓಡಿದ ಮೊದಲ ಕ್ಲಚ್ ಆಗಿದ್ದರೆ ನಾನಾದರೆ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರೂ ಹಾಕುತ್ತೇನೆ. ಹಿಂದಿನ ಮಾಲೀಕರು ಇತ್ತೀಚೆಗೆ ಹಾಕಿಸಿದ್ದು, ಬೆರಳುಗಳು ನುಣ್ಣಗಿದ್ದು, ಪ್ಲೇಟಿನ ರಿವಿಟ್‌ಗಳು ಇನ್ನೂ ಆಳದಲ್ಲಿದ್ದರೆ, ಅಂದರೆ ಪ್ಲೇಟ್ ಹೆಚ್ಚು ಸವೆದಿಲ್ಲದಿದ್ದರೆ, ಬೇರಿಂಗ್ ಒಂದೇ ಸಾಕು. ಸಾಮಾನು ನೀವೇ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರುವುದಾದರೆ ಬಿಲ್ ಕೊಡುವ ಅಂಗಡಿಯಿಂದ ತನ್ನಿ. ಡಬ್ಬಿ ಮಾತ್ರ ಅಸಲಿಯಾಗಿರುವ ಬೇರಿಂಗ್ ಹಾಕಿದರೆ ಅದೇ ಕೂಲಿ ಮತ್ತೆ ಕೊಡಬೇಕಾಗುತ್ತದೆ.

ಇಳಿಸಿದ ದಿನ ಪಕ್ಕದಲ್ಲಿ ನಿಂತುಕೊಳ್ಳಿ. ಹಳೆ ಬೇರಿಂಗ್ ಕೈಯಲ್ಲಿ ಹಿಡಿದು ತಿರುಗಿಸಿ. ಒಳಗೆ ಮರಳು ಇದ್ದ ಹಾಗೆ ಅನ್ನಿಸಿದರೆ ಕಳ್ಳ ಸಿಕ್ಕ. ನುಣ್ಣಗೆ ತಿರುಗಿದರೆ ಕೆಲಸ ಅಲ್ಲೇ ನಿಲ್ಲಿಸಿ ಇನ್‌ಪುಟ್ ಶಾಫ್ಟ್ ಹಿಡಿದು ಅಲ್ಲಾಡಿಸಲು ಹೇಳಿ. ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಒದ್ದೆ ಇದೆಯಾ, ಫೋರ್ಕಿನ ತುದಿ ಸವೆದಿದೆಯಾ ಅಂತ ಅದೇ ಹೊತ್ತಿಗೆ ನೋಡಿಸಿ. ರಿಲೀಸ್ ಬೇರಿಂಗನ್ನು ಪೆಟ್ರೋಲಿನಲ್ಲಿ ತೊಳೆಯುವುದು ಕಂಡರೆ ತಡೆಯಿರಿ. ಅದು ಗ್ರೀಸ್ ತುಂಬಿ ಮುಚ್ಚಿದ ಬೇರಿಂಗ್, ತೊಳೆದರೆ ಒಳಗಿನ ಗ್ರೀಸ್ ಕರಗಿ ಹೋಗುತ್ತದೆ.

ಶಿರಾಡಿ ವಿಷಯಕ್ಕೆ ಬರೋಣ. ಪರೀಕ್ಷೆಯಲ್ಲಿ ಹಲ್ಲುಗಳ ಬಡಿತ ಅಥವಾ ಸಡಿಲ ಫೋರ್ಕ್ ಅಂತ ಬಂದು, ಗೇರ್ ಆಯಿಲ್ ಮಟ್ಟ ಸರಿ ಇದ್ದರೆ ಧೈರ್ಯವಾಗಿ ಹೋಗಿ. ಮೂರನೆಯವರ ಮಾತೇ ಗೆದ್ದಿತು ಅಂದುಕೊಳ್ಳಿ. ಇನ್‌ಪುಟ್ ಬೇರಿಂಗ್‌ನಿಂದ ಸಣ್ಣಗೆ ಸುಂಯ್ ಬರುತ್ತಿದ್ದು ಎಣ್ಣೆಯಲ್ಲಿ ಚೂರು ಇಲ್ಲದಿದ್ದರೆ ಸ್ವಲ್ಪ ದಿನ ತಳ್ಳಬಹುದು, ಆದರೆ ಘಾಟಿ ಪ್ರಯಾಣ ಮುಗಿಸಿ ಬಂದ ಮೇಲೆ ಮುಂದೂಡಬೇಡಿ. ಒತ್ತಿದಾಗ ಗರ್ರ್ ಅನ್ನುವ ರಿಲೀಸ್ ಬೇರಿಂಗ್ ಆದರೆ ಮಾತ್ರ ಸರಿ ಮಾಡಿಸದೆ ಹೊರಡಬೇಡಿ. ಅದು ಒಡೆದರೆ ಪೆಡಲ್ ಒತ್ತಿದರೂ ಕ್ಲಚ್ ಹಿಡಿತ ಬಿಡುವುದೇ ಇಲ್ಲ. ಲಾರಿಗಳ ಸಾಲಿನ ನಡುವೆ, ತಿರುವಿನಲ್ಲಿ, ಗೇರ್ ಬದಲಿಸಲಾಗದೆ ನಿಲ್ಲುವುದು ಯಾರಿಗೂ ಬೇಡ.

ಘಾಟಿಯಲ್ಲಿ ಟ್ರಾಫಿಕ್ ನಿಂತಾಗ ಹಾಫ್ ಕ್ಲಚ್‌ನಲ್ಲಿ ಗಾಡಿ ತೂಗಾಡಿಸಬೇಡಿ. ಹ್ಯಾಂಡ್ ಬ್ರೇಕ್ ಎಳೆದು ನ್ಯೂಟ್ರಲ್ ಮಾಡಿ, ಎಡಗಾಲನ್ನು ಪೆಡಲಿನಿಂದ ಪೂರ್ತಿ ತೆಗೆದು ಪಕ್ಕಕ್ಕಿಡಿ. ಇಳಿಯುವಾಗ ಕ್ಲಚ್ ಒತ್ತಿಕೊಂಡು ಉರುಳಿಸುವುದೂ ಬೇಡ. ಎರಡನೇ ಅಥವಾ ಮೂರನೇ ಗೇರ್ ಹಾಕಿ ಎಂಜಿನ್ನೇ ಹಿಡಿದುಕೊಳ್ಳಲಿ. ಇದು ಬ್ರೇಕ್ ಬಿಸಿಯೇರದಿರಲೂ ಬೇಕು.

ಪರೀಕ್ಷೆ ಮಾಡುವಾಗ ಒಬ್ಬರನ್ನು ಬಾನೆಟ್ ಹತ್ತಿರ ನಿಲ್ಲಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಸಿ. ಒಳಗಿನಿಂದ ‘ಬಿಟ್ಟೆ’, ‘ತಾಗಿಸಿದೆ’, ‘ಅರ್ಧ’, ‘ಪೂರ್ತಿ’, ‘1,500’ ಅಂತ ಜೋರಾಗಿ ಹೇಳುತ್ತಾ ಹೋಗಿ, ಪ್ರತಿಯೊಂದಕ್ಕೂ ಐದು ಸೆಕೆಂಡ್ ಬಿಡಿ. ಆ ರೆಕಾರ್ಡಿಂಗನ್ನು ಎರಡನೇ ಗ್ಯಾರೇಜಿನವರಿಗೆ ಕೇಳಿಸಿ, ಗೇರ್‌ಬಾಕ್ಸ್ ಬೇರಿಂಗ್ ಅಂತ ಈಗಲೂ ಹೇಳುತ್ತಾರಾ ನೋಡಿ.